ತೋಟದ ಮಳೆ ಲೆಕ್ಕಕ್ಕೆ ಆರ್: ಗ್ರಾಫ್ ಸೇವ್ ಮಾಡುವಲ್ಲಿ ಎಷ್ಟು ನಂಬಬಹುದು?

ಕೊಡಗಿನ ಕಾಫಿ ತೋಟಗಳಲ್ಲಿ ಮಳೆಯನ್ನು ಇಂಚು-ಸೆಂಟ್ ಲೆಕ್ಕದಲ್ಲಿ (ನೂರು ಸೆಂಟ್ ಒಂದು ಇಂಚು) ಬರೆದಿಡುವುದು ಹಳೆಯ ರೂಢಿ. ಆ ಅಂಕಿಗಳನ್ನು ಗ್ರಾಫ್ ಮಾಡಲು ಆರ್ ಎಂಬ ಉಚಿತ ತಂತ್ರಾಂಶ, ಜೊತೆಗೆ ಗ್ರಾಫ್ ಬಿಡಿಸಲು ಅದಕ್ಕೆ ಸೇರಿಸಿಕೊಳ್ಳುವ ಜಿಜಿಪ್ಲಾಟ್2 ಎಂಬ ಪ್ಯಾಕೇಜು (ಹೆಚ್ಚುವರಿ ಆಜ್ಞೆಗಳ ಕಟ್ಟು) ಚೆನ್ನಾಗಿ ಒದಗುತ್ತವೆ. ಚಿತ್ರ ಬಿಡಿಸುವುದರಲ್ಲಿ ದೂರೇ ಇಲ್ಲ. ಪರದೆಯ ಮೇಲೆ ಅಂದವಾಗಿ ಕಂಡದ್ದನ್ನು ಫೈಲಿಗೆ ಇಳಿಸುವಾಗ ಮಾತ್ರ ಹೊಸಬರು ಎಡವುತ್ತಾರೆ. (ಪುಸ್ತಕದಲ್ಲಿ 1 ಇಂಚು 5 ಸೆಂಟ್ ಇದ್ದರೆ 1.05 ಎಂದೇ ತುಂಬಿಸಿ. 1.5 ಎಂದು ಹೊಡೆದರೆ 45 ಸೆಂಟ್ ಮಳೆ ಸುಮ್ಮನೆ ಹೆಚ್ಚಾಗುತ್ತದೆ, ಯಾವ ತಂತ್ರಾಂಶವೂ ಅದನ್ನು ಹಿಡಿಯಲಾರದು.)

ಆರ್‌ಗೆ ಪರದೆ ಒಂದು ಹಾಳೆ, ಫೈಲು ಇನ್ನೊಂದು ಹಾಳೆ. ಇವಕ್ಕೆ ಡಿವೈಸ್ ಎಂದು ಹೆಸರು. ಪರದೆಯಲ್ಲಿದ್ದದ್ದನ್ನು ಫೋಟೋ ಹೊಡೆದಂತೆ ಅದು ಫೈಲಿಗೆ ಹಾಕುವುದಿಲ್ಲ, ಹೊಸ ಹಾಳೆಯ ಮೇಲೆ ಮೊದಲಿನಿಂದ ಬರೆಯುತ್ತದೆ. ಹಾಳೆಯ ಅಳತೆ ಬೇರೆಯಾದರೆ ಅಕ್ಷರ, ಗೆರೆ, ಅಂಚುಗಳ ಪ್ರಮಾಣವೂ ಬೇರೆಯಾಗುತ್ತದೆ. ಆದ್ದರಿಂದ ಫೈಲಿನ ಅಳತೆಯನ್ನು ಮೊದಲೇ ಗೊತ್ತು ಮಾಡಿಕೊಂಡು ಆಮೇಲೆ ಚಿತ್ರ ತಿದ್ದುವುದು ಒಳ್ಳೆಯದು.

ಆರ್ ಬಳಸಲು ನೆರವಾಗುವ ಆರ್‌ಸ್ಟುಡಿಯೋ ತಂತ್ರಾಂಶದ ಎಕ್ಸ್‌ಪೋರ್ಟ್ ಬಟನ್ ಒಂದು ಸಲ ನೋಡಿ ಬಿಡುವ ಚಿತ್ರಕ್ಕೆ ಸಾಕು. ಅಲ್ಲಿ ಕೊಟ್ಟ ಅಳತೆ ಸ್ಕ್ರಿಪ್ಟಿನಲ್ಲಿ (ಆಜ್ಞೆಗಳನ್ನು ಬರೆದಿಟ್ಟ ಫೈಲಿನಲ್ಲಿ) ದಾಖಲಾಗುವುದಿಲ್ಲ. ಮುಂದಿನ ವರ್ಷದ ಮಳೆ ಸೇರಿಸಿ ಅದೇ ಗಾತ್ರದ ಗ್ರಾಫ್ ಬೇಕೆಂದರೆ ಮತ್ತೆ ಅಂದಾಜಿನ ಮೇಲೆಯೇ ಹೋಗಬೇಕು.

ಮೂಲ ಆರ್‌ನ ಪಿಎನ್‌ಜಿ ಆಜ್ಞೆ ಇದಕ್ಕಿಂತ ಗಟ್ಟಿ, ಆದರೆ ಒರಟು. ಏನೂ ಹೇಳದಿದ್ದರೆ 480ಕ್ಕೆ 480 ಪಿಕ್ಸೆಲ್, ಇಂಚಿಗೆ 72 ಚುಕ್ಕಿ. ಮುದ್ರಣಕ್ಕೆಂದು ರೆಸಲ್ಯೂಷನ್ ಒಂದನ್ನೇ 300ಕ್ಕೆ ಏರಿಸಿದರೆ ಹಾಳೆ ಬರೀ 1.6 ಇಂಚಿಗೆ ಕುಗ್ಗುತ್ತದೆ. ಮೂಲ ಆರ್‌ನ ಪ್ಲಾಟ್ ಆಜ್ಞೆಯಲ್ಲಿ ಮೇಲೆ-ಕೆಳಗಿನ ಅಂಚುಗಳೇ ಸೇರಿ 1.84 ಇಂಚು ಕೇಳುತ್ತವೆ. ಹಾಗಾಗಿ ಅಂಚು ದೊಡ್ಡದಾಯಿತು ಎಂಬ ದೋಷ ಬಂದು ಕೆಲಸ ನಿಲ್ಲುತ್ತದೆ. ಅಳತೆಯ ಮಾನವನ್ನು ಇಂಚು ಎಂದು ಬದಲಿಸಿ ಅಗಲ 6, ಎತ್ತರ 4, ರೆಸಲ್ಯೂಷನ್ 300 ಕೊಟ್ಟರೆ 1800ಕ್ಕೆ 1200 ಪಿಕ್ಸೆಲ್‌ನ ಸರಿಯಾದ ಚಿತ್ರ ಸಿಗುತ್ತದೆ.

ಬರೆದು ಮುಗಿದ ಮೇಲೆ ಡೆವ್ ಡಾಟ್ ಆಫ್ ಎಂಬ ಆಜ್ಞೆ ಕೊಟ್ಟು ಹಾಳೆ ಮುಚ್ಚಲೇಬೇಕು. ಮರೆತರೆ ಫೈಲು ಖಾಲಿಯೋ ಅರೆಬರೆಯೋ ಆಗಿ ಉಳಿಯುತ್ತದೆ, ಮುಂದಿನ ಗ್ರಾಫ್‌ಗಳು ಪರದೆಗೆ ಬರದೆ ಅದೇ ಫೈಲಿಗೆ ಹೋಗುತ್ತವೆ. ಪರದೆ ಖಾಲಿ ಹೊಡೆಯುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಗ್ರಾಫಿಕ್ಸ್ ಡಾಟ್ ಆಫ್ ಒಮ್ಮೆ ಕೊಟ್ಟರೆ ತೆರೆದಿದ್ದ ಹಾಳೆಗಳೆಲ್ಲ ಮುಚ್ಚುತ್ತವೆ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಎಂದು ಊರೂರಿನ ಗ್ರಾಫನ್ನು ಲೂಪ್ ಹಾಕಿ (ಒಂದೇ ಆಜ್ಞೆಯನ್ನು ಪ್ರತಿ ಊರಿಗೂ ತಾನಾಗಿ ಓಡಿಸಿ) ತೆಗೆಯುವಾಗ ಜಿಜಿಪ್ಲಾಟ್‌ಗೆ ಪ್ರಿಂಟ್ ಎಂದು ಹೇಳಬೇಕು. ಇಲ್ಲದಿದ್ದರೆ ಏನೂ ಮೂಡುವುದಿಲ್ಲ, ಎಚ್ಚರಿಕೆಯ ಸಾಲೂ ಬರುವುದಿಲ್ಲ.

ಮೂರನೆಯ ದಾರಿ ಜಿಜಿಪ್ಲಾಟ್2ರದ್ದೇ ಆದ ಜಿಜಿಸೇವ್ ಆಜ್ಞೆ, ಈ ಮೂರರಲ್ಲಿ ನಮ್ಮ ಆಯ್ಕೆ ಅದೇ. ಫೈಲು ತೆರೆಯುವುದು, ಮುಚ್ಚುವುದು ಎರಡನ್ನೂ ತಾನೇ ಮಾಡುತ್ತದೆ, ಫೈಲ್ ಹೆಸರಿನ ಕೊನೆ ನೋಡಿ ಬಗೆಯನ್ನೂ ಗುರುತಿಸುತ್ತದೆ. ಎ4 ಹಾಳೆಯ ವರದಿಗೆ ಅಗಲ 16, ಎತ್ತರ 9, ಮಾನ ಸೆಂಟಿಮೀಟರ್, ಡಿಪಿಐ (ಇಂಚಿಗೆ ಚುಕ್ಕಿ) 300 ಹಿತವಾದ ಅಳತೆ. ಮಾನ ಬರೆಯಲು ಮರೆತರೆ ಅದು ಇಂಚೆಂದೇ ತಿಳಿಯುತ್ತದೆ. ಆ 16 ಇಂಚಿನ ಚಿತ್ರವನ್ನು ಪುಟಕ್ಕೆ ಕುಗ್ಗಿಸಿದಾಗ ತಿಂಗಳ ಹೆಸರುಗಳು ಇರುವೆ ಸಾಲಿನಂತೆ ಕಾಣುತ್ತವೆ. ಅಳತೆಯನ್ನೇ ಕೊಡದಿದ್ದರೆ ಆ ಹೊತ್ತಿಗೆ ಪರದೆಯ ಕಿಟಕಿ ಎಷ್ಟಿದೆಯೋ ಅಷ್ಟು. ಯಾವ ಗ್ರಾಫ್ ಎಂದು ಹೆಸರಿಸದಿದ್ದರೆ ಕೊನೆಯದನ್ನು ತೆಗೆದುಕೊಳ್ಳುತ್ತದೆ. ಹೆಸರಿಸುವುದೇ ಕ್ಷೇಮ.

ಕನ್ನಡದ ವಿಚಾರಕ್ಕೆ ಬಂದರೆ ಹೆಚ್ಚು ಎಚ್ಚರ ಬೇಕು. ಸಾಮಾನ್ಯ ಪಿಡಿಎಫ್ ಡಿವೈಸ್‌ಗೆ ಕನ್ನಡ ಬರುವುದಿಲ್ಲ, ಅಕ್ಷರದ ಜಾಗದಲ್ಲಿ ಚುಕ್ಕಿ ಸಾಲು ಮೂಡುತ್ತದೆ. ಜಿಜಿಸೇವ್‌ನಲ್ಲಿ ಡಿವೈಸ್ ಎಂದು ಅದರ ಬದಲು ಕೈರೋ ಪಿಡಿಎಫ್ ಹೆಸರಿಸಿ. ಶೋಟೆಕ್ಸ್ಟ್ ಪ್ಯಾಕೇಜು ಅಕ್ಷರ ತೋರಿಸುತ್ತದೆ, ಒತ್ತಕ್ಷರ ಕೂಡಿಸುವುದಿಲ್ಲ: 'ಪೊನ್ನಂಪೇಟೆ' ಹೋಗಿ 'ಪೊನ್‌ನಂಪೇಟೆ', 'ಗೋಣಿಕೊಪ್ಪ' ಹೋಗಿ 'ಗೋಣಿಕೊಪ್‌ಪ' ಆಗುತ್ತದೆ. ಊರ ಹೆಸರು ಹೀಗೆ ಮುರಿದ ಗ್ರಾಫನ್ನು ಯಾರ ಮುಂದೆಯೂ ಇಡಬಾರದು. ಪಿಎನ್‌ಜಿಗೆ ರ‍್ಯಾಗ್ ಪ್ಯಾಕೇಜು ಹಾಕಿಕೊಂಡರೆ ಜಿಜಿಸೇವ್ ತಾನಾಗಿ ಅದನ್ನೇ ಬಳಸುತ್ತದೆ, ಒತ್ತು-ಗುಣಿತ ಸರಿಯಾಗಿ ಕೂಡುತ್ತವೆ. ಗ್ರಾಫಿನ ಒಟ್ಟು ರೂಪ ಹೇಳುವ ಥೀಮ್‌ನಲ್ಲಿ ನೋಟೋ ಸ್ಯಾನ್ಸ್ ಕನ್ನಡ ಫಾಂಟನ್ನು ಹೆಸರಿಸಿ. ಕಂಬಗಳ ಮೇಲೆ ಬರೆಯುವ ಪಠ್ಯಕ್ಕೆ ಥೀಮ್‌ನ ಫಾಂಟ್ ತಾಗದೆ ಹೋಗಬಹುದು, ಅದಕ್ಕೆ ಫಾಂಟ್ ಬೇರೆಯಾಗಿಯೇ ಕೊಡುವುದು ಕ್ಷೇಮ. ಪರದೆಯಲ್ಲೂ ಹಾಗೆಯೇ ಕಾಣಲು ಆರ್‌ಸ್ಟುಡಿಯೋದ ಗ್ರಾಫಿಕ್ಸ್ ಬ್ಯಾಕೆಂಡನ್ನು (ಪರದೆಗೆ ಚಿತ್ರ ಬಿಡಿಸುವ ವ್ಯವಸ್ಥೆಯನ್ನು) ಎಜಿಜಿಗೆ ಬದಲಿಸಿ.

ಜೆಪೆಗ್ ಬೇಡ, ತೆಳು ಗೆರೆ ಮತ್ತು ಅಕ್ಷರದ ಸುತ್ತ ಕಲೆ ಕಟ್ಟುತ್ತದೆ. ಮುದ್ರಣಾಲಯಕ್ಕೆ ಪಿಡಿಎಫ್, ಉಳಿದೆಡೆ ಪಿಎನ್‌ಜಿ. ವಿಂಡೋಸ್‌ನಲ್ಲಿ ಹಳೆಯ ಪಿಡಿಎಫ್ ಫೈಲು ರೀಡರ್‌ನಲ್ಲಿ ತೆರೆದೇ ಇದ್ದರೆ ಹೊಸದು ಅದರ ಮೇಲೆ ಬರೆಯಲಾಗದೆ ದೋಷ ತೋರಿಸಬಹುದು, ಮುಚ್ಚಿ ಮತ್ತೆ ಓಡಿಸಿ. ಹೂಮಳೆಯ (ಕಾಫಿ ಹೂ ಅರಳಿಸುವ ಮಳೆಯ) ಗ್ರಾಫನ್ನು ಬೆಳೆಗಾರರ ವಾಟ್ಸ್ಆ್ಯಪ್ ಗುಂಪಿಗೆ ಹಾಕುವಾಗ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ. ಫೋಟೋ ಆದರೆ ವಾಟ್ಸ್ಆ್ಯಪ್ ಅದನ್ನು ಕುಗ್ಗಿಸುತ್ತದೆ, ಸೆಂಟ್ ಅಂಕಿಗಳು ಮಸುಕಾಗುತ್ತವೆ.