ಅಮೆರಿಕದ ಗ್ರೀನ್ ಕಾರ್ಡ್ (ಪೌರತ್ವವಿಲ್ಲದೆ ಕಾಯಂ ವಾಸದ ಪರವಾನಗಿ) ಇದ್ದವರಿಗೆ: ಹ್ಯೂಸ್ಟನ್ನೋ, ಸ್ಯಾನ್ ಫ್ರಾನ್ಸಿಸ್ಕೋನೋ?

ಹ್ಯೂಸ್ಟನ್ ಇರುವುದು ಟೆಕ್ಸಾಸಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಕ್ಯಾಲಿಫೋರ್ನಿಯಾದಲ್ಲಿ. ಬಂಧಿತ ವಲಸಿಗರ ಬಗ್ಗೆ ಎರಡೂ ರಾಜ್ಯಗಳ ಕಾಯ್ದೆ 2017ರದ್ದೇ, ದಿಕ್ಕು ಮಾತ್ರ ಎದುರುಬದುರು. ಬಂಧಿತ ವಲಸಿಗನನ್ನು ಬಿಡಬೇಡಿ ಎಂದು ಫೆಡರಲ್ ವಲಸೆ ಇಲಾಖೆ ಕೋರಿದರೆ, ಟೆಕ್ಸಾಸಿನ ಎಸ್‌ಬಿ 4 (ಸೆನೆಟ್ ಬಿಲ್ 4) ಕಾಯ್ದೆಯಂತೆ ಜೈಲಿನವರು ಪಾಲಿಸಲೇಬೇಕು. ಕ್ಯಾಲಿಫೋರ್ನಿಯಾದ ಎಸ್‌ಬಿ 54 ಹಾಗೆ ಹಿಡಿದಿಡುವುದನ್ನೇ ತಡೆಯುತ್ತದೆ. ಫೆಡರಲ್ ಅಧಿಕಾರಿಗಳು ತಾವೇ ಬಂದರೆ ಆ ಕಾಯ್ದೆಯೂ ಅಡ್ಡಿಯಾಗದು.

ಮತ? ಟೆಕ್ಸಾಸಿನಲ್ಲಿ ಇಲ್ಲವೇ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 19 ತುಂಬದ ಮಕ್ಕಳ ಪೋಷಕರಿಗೆ ಶಾಲಾ ಮಂಡಳಿಯ ಚುನಾವಣೆಯಲ್ಲಿ ಮಾತ್ರ ಉಂಟು, ಅದಕ್ಕೆ ಪ್ರತ್ಯೇಕ ಫಾರಂ. ಆ ಮಾಹಿತಿ ವಲಸೆ ಇಲಾಖೆಯ ಕೈಸೇರಬಹುದು, ವಕೀಲರನ್ನು ಕೇಳಿಯೇ ತುಂಬಿ.

ಜನ ನಿಜಕ್ಕೂ ಎಡವುವುದು ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲಿ. ಮತದಾರರ ನೋಂದಣಿಯ ಪ್ರಶ್ನೆಗೆ ಅವಸರದಲ್ಲಿ ‘ಹೌದು’ ಅಂದುಬಿಡುತ್ತಾರೆ. ಮುಂದೆ ಪೌರತ್ವದ ಎನ್-400 ಅರ್ಜಿ ಕೇಳುವುದು ಅದನ್ನೇ. ಸುಳ್ಳು ಪೌರತ್ವ ಹೇಳಿಕೊಂಡಂತಾದರೆ ಗಡೀಪಾರಿಗೂ ದಾರಿ. ಎರಡೂ ಊರಿನಲ್ಲಿ ಉತ್ತರ ಒಂದೇ: ‘ಇಲ್ಲ’.