ಮಗುವಿಗೆ ನಾಲ್ಕು ಸ್ಟಾರ್, ತಾಯಿಗೆ ಎರಡು

ಎರಡು ಮಹಾಯುದ್ಧಗಳ ನಡುವೆ ಬ್ರಿಟನ್ನಿನ ನಗರಗಳಲ್ಲಿ ನಡೆಯುತ್ತಿದ್ದ ತಾಯಿ-ಮಗು ಕ್ಲಿನಿಕ್‌ಗಳಿಗೆ ಇಷ್ಟು ವರ್ಷ ಬಿಟ್ಟು ರಿವ್ಯೂ ಬರೆಯುವುದು ಸ್ವಲ್ಪ ಅತಿಯಾಯಿತು, ಗೊತ್ತು. ಆದರೆ ಬಡವರಿಗೆ ಎಂಥ ಒಳ್ಳೆ ಸೇವೆ ಇತ್ತು ಅಂತ ಸುಮ್ನೆ ಹೊಗಳುವವರೇ ಜಾಸ್ತಿ. ಹಾಗಾಗಿ ನಾನು ತಾಯಿಗೆ ಬೇರೆ, ಮಗುವಿಗೆ ಬೇರೆ ಮಾರ್ಕ್ಸ್ ಹಾಕುತ್ತೇನೆ.

ಮೊದಲು ಮಗು. ಕ್ಲಿನಿಕ್ ದಿನ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಬರುತ್ತಿದ್ದರು. ಎಷ್ಟೋ ಕಡೆ ಸ್ವಂತ ಕಟ್ಟಡವೂ ಇರಲಿಲ್ಲ, ಚರ್ಚಿನ ಹಾಲೇ ಕ್ಲಿನಿಕ್. ಮಗುವಿನ ಬಟ್ಟೆ ಬಿಚ್ಚಿ, ಶಾಲು ಸುತ್ತಿಕೊಂಡು ಬೆಂಚಿನ ಮೇಲೆ ಕಾಯಬೇಕು. ಸರದಿ ಬಂದಾಗ ತಕ್ಕಡಿಯ ಬುಟ್ಟಿಯಲ್ಲಿ ಮಲಗಿಸಿ ತೂಕ ನೋಡಿ ಕಾರ್ಡಿನಲ್ಲಿ ಬರೆಯುತ್ತಿದ್ದರು. ಹಾಲಿನ ಪುಡಿ ಅಂಗಡಿಗಿಂತ ಅಗ್ಗಕ್ಕೆ ಸಿಗುತ್ತಿತ್ತು. ಬಹಳ ಜನ ಬರುತ್ತಿದ್ದದ್ದೇ ಅದಕ್ಕೆ, ಉಪದೇಶ ಕೇಳೋಕೆ ಅಲ್ಲ! ಹೆಲ್ತ್ ವಿಸಿಟರ್, ಅಂದರೆ ತಾಯಿ-ಮಗುವನ್ನು ನೋಡಿ ಸಲಹೆ ಕೊಡುವವಳು, ಮನೆಗೂ ಬರುತ್ತಿದ್ದಳು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1920ರಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಸುಮಾರು 80 ಮಕ್ಕಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು, 1938ಕ್ಕೆ ಅದು 53ರ ಹತ್ತಿರ ಬಂತು. ಎಲ್ಲ ಕ್ಲಿನಿಕ್ಕಿನಿಂದಲೇ ಆಯಿತು ಅನ್ನಲಾಗದು, ಮನೆ, ನೀರು, ಊಟ ಎಲ್ಲವೂ ಸುಧಾರಿಸುತ್ತಿದ್ದವು. ಆದರೂ ನಾಲ್ಕು ಸ್ಟಾರ್.

ಒಂದು ಕಳೆದದ್ದು ಯಾಕೆ ಅಂದ್ರೆ, ಮಗುವಿಗೆ ನಿಜವಾಗಿ ಹುಷಾರಿಲ್ಲದಿದ್ದರೆ ಕ್ಲಿನಿಕ್ಕಿನ ಡಾಕ್ಟರು ಸಾಮಾನ್ಯವಾಗಿ ಔಷಧಿ ಕೊಡುತ್ತಿರಲಿಲ್ಲ. ಬರೀ ಸಲಹೆ. ಚಿಕಿತ್ಸೆ ಕೊಟ್ಟರೆ ಖಾಸಗಿ ಡಾಕ್ಟರುಗಳ ಹೊಟ್ಟೆ ಮೇಲೆ ಹೊಡೆದಂತೆ ಅಂತ ಅವರದು ತಕರಾರು. ಫೀಸಿಗೆ ಕಾಸಿಲ್ಲದೆ ಬಂದವಳಿಗೆ, ಫೀಸು ಕೊಟ್ಟು ಬೇರೆ ಡಾಕ್ಟರಿಗೆ ತೋರಿಸಮ್ಮ ಅಂದರೆ ಹೇಗಾಗಬೇಡ?

ಇನ್ನು ತಾಯಿ. 1911ರ ಆರೋಗ್ಯ ವಿಮೆ ಕೆಲಸಕ್ಕೆ ಹೋಗುವ ಗಂಡನಿಗೆ ಡಾಕ್ಟರನ್ನು ಕೊಟ್ಟಿತು, ಮನೆಯಲ್ಲಿದ್ದ ಹೆಂಡತಿಗೆ ಇಲ್ಲ. ಇನ್ನೊಂದು ಮಗು ಬೇಡಮ್ಮ, ಏನು ಮಾಡಲಿ ಅಂತ ತಾಯಿ ಕೇಳಿದರೆ ಕ್ಲಿನಿಕ್ಕಿನವರು ಬಾಯಿ ಬಿಡುವಂತಿರಲಿಲ್ಲ. ಗರ್ಭ ತಡೆಯುವ ಬಗ್ಗೆ ಸಲಹೆ ಕೊಡಲು ಆರೋಗ್ಯ ಸಚಿವಾಲಯ ಒಪ್ಪಿದ್ದು 1930ರಲ್ಲಿ, ಅದೂ ಮತ್ತೆ ಬಸುರಾದರೆ ಆರೋಗ್ಯಕ್ಕೆ ಅಪಾಯ ಇದ್ದವರಿಗೆ ಮಾತ್ರ. ಸಾವಿರ ಹೆರಿಗೆಗೆ ನಾಲ್ಕರ ಆಸುಪಾಸು ತಾಯಂದಿರು ಸಾಯುತ್ತಿದ್ದರು. 1930ರ ದಶಕದ ನಡುವಿನವರೆಗೂ ಆ ಲೆಕ್ಕ ಇಳಿಯಲೇ ಇಲ್ಲ. ಬಾಣಂತಿ ನಂಜಿಗೆ ಸಲ್ಫಾ ಅನ್ನುವ, ಸೋಂಕು ತಡೆಯುವ ಔಷಧಿ ಬಂದ ಮೇಲೆ ಇಳಿಯಿತು. ಹಾಗಾಗಿ ಎರಡೇ ಸ್ಟಾರ್. ಅದೂ ಗರ್ಭಿಣಿಯರ ತಪಾಸಣೆ ಅಂತ ಒಂದು ಶುರು ಮಾಡಿದರಲ್ಲ, ಅದಕ್ಕೆ.

ಇನ್ನೊಂದು ಕೊರತೆ, 1918ರ ತಾಯಿ-ಮಗು ಕಲ್ಯಾಣ ಕಾಯ್ದೆ ಕ್ಲಿನಿಕ್ಕನ್ನು ಕಡ್ಡಾಯ ಮಾಡಲಿಲ್ಲ. ಮನಸ್ಸಿದ್ದ ಊರಿನ ಕೌನ್ಸಿಲ್ ನಡೆಸಿತು, ಜಿಪುಣ ಕೌನ್ಸಿಲ್ ಹೆಸರಿಗೆ ನಡೆಸಿತು.

ಮನಸ್ಸಿದ್ದರೆ ಏನು ಮಾಡಬಹುದಿತ್ತು ಅಂತ ನೋಡಬೇಕಾದರೆ ಲಂಡನ್ನಿನ ಫಿನ್ಸ್‌ಬರಿ ಹೆಲ್ತ್ ಸೆಂಟರ್. 1938ರಲ್ಲಿ ತೆರೆದದ್ದು. ಇದು ತಾಯಿ-ಮಗುವಿಗಷ್ಟೇ ಅಲ್ಲ, ಇಡೀ ಬಡಾವಣೆಗೆ. ಹಲ್ಲು, ಕಾಲು, ಕ್ಷಯ, ಎಲ್ಲ ಒಂದೇ ಸೂರಿನಡಿ. ತಿಗಣೆ ಹತ್ತಿದ ಹಾಸಿಗೆಯನ್ನು ಶುದ್ಧ ಮಾಡಿಕೊಡುವ ವ್ಯವಸ್ಥೆಯೂ ಇತ್ತು! ಇದಕ್ಕೆ ಓಡಾಡಿದವರಲ್ಲಿ ಪಂಜಾಬಿನಿಂದ ಹೋದ ಡಾಕ್ಟರ್ ಚುನಿಲಾಲ್ ಕಟಿಯಾಲ್ ಒಬ್ಬರು, ಆಮೇಲೆ ಅಲ್ಲಿನ ಮೇಯರ್ ಆದರು. ಕಟ್ಟಡದ ವಿನ್ಯಾಸ ಬರ್ಟೋಲ್ಡ್ ಲುಬೆಟ್ಕಿನ್ ಅವರದು. ಮುಂಭಾಗದಲ್ಲಿ ಗಾಜಿನ ಇಟ್ಟಿಗೆ, ಒಳಗೆಲ್ಲ ಬೆಳಕು. ಒಳಗೆ ಬಂದವರಿಗೆ ದಾನ ತಗೊಳ್ಳೋಕೆ ಬಂದಿದ್ದೇವೆ ಅನ್ನಿಸಬಾರದು, ಹಾಗೆ ಕಟ್ಟಿದ್ದಾರೆ. ಇದಕ್ಕೆ ಐದಕ್ಕೆ ಐದು. 1942ರಲ್ಲಿ ಯುದ್ಧದ ಪೋಸ್ಟರಿನಲ್ಲಿ ಇದೇ ಕಟ್ಟಡ ಹಾಕಿದ್ದರು, ಹಿಂದೆ ಹಾಳು ಮನೆ, ಅದರೊಳಗೆ ಬಡಕಲು ಹುಡುಗ. ಚರ್ಚಿಲ್‌ಗೆ ಅದು ಹಿಡಿಸದೆ ಪೋಸ್ಟರ್ ತೆಗೆಸಿದರಂತೆ.

ಕಟ್ಟಡ ಪೈನ್ ಸ್ಟ್ರೀಟಿನಲ್ಲಿ ಈಗಲೂ ಇದೆ. ಲಂಡನ್ನಿನಲ್ಲಿ ಇರುವವರು ಫ್ಯಾರಿಂಗ್ಡನ್ ಸ್ಟೇಷನ್ನಲ್ಲಿ ಇಳಿದು ನಡೆದೇ ಹೋಗಬಹುದು. ಊಟಕ್ಕೆ ಪಕ್ಕದಲ್ಲೇ ಎಕ್ಸ್‌ಮತ್ ಮಾರ್ಕೆಟ್ ಇದೆ.