ಮೂರೂವರೆ ವರ್ಷ ಬಳಸಿದ ಮೇಲೆ: ವಾಲ್ವ್ ಕೂರಿಸಿದ ಹೈಬ್ರಿಡ್ ಆಂಪ್ಲಿಫೈಯರ್, ಕಾರವಾರದ ಸೆಕೆಯಲ್ಲಿ

ಈ ಆಂಪ್ಲಿಫೈಯರ್ ತರಿಸಿದ್ದು 2021ರ ಅಕ್ಟೋಬರಿನಲ್ಲಿ. ಕಂಪನಿ ಹೆಸರು ಹೇಳುವುದಿಲ್ಲ. ಹೇಳಿದರೂ ಪ್ರಯೋಜನ ಇಲ್ಲ, ಇದೇ ಬೋರ್ಡ್ ಬೇರೆ ಬೇರೆ ಡಬ್ಬಿಯಲ್ಲಿ ನಾಲ್ಕಾರು ಹೆಸರು ಹೊತ್ತು ಮಾರಾಟಕ್ಕಿದೆ. ಮುಂದೆ 12ಎಯು7 ವಾಲ್ವ್ (ಹಳೆ ರೇಡಿಯೋಗಳಲ್ಲಿ ಇರುತ್ತಿದ್ದ ಗಾಜಿನ ಕೊಳವೆ) ಎರಡು, ಹಿಂದೆ ಸ್ಪೀಕರಿಗೆ ಶಕ್ತಿ ಕೊಡುವ ಕ್ಲಾಸ್ ಡಿ ಚಿಪ್, ಹೊರಗೊಂದು 24 ವೋಲ್ಟಿನ ಅಡಾಪ್ಟರ್. ನಾನು ಕೇಳುವುದು ಹೆಚ್ಚಾಗಿ ಬಡಗುತಿಟ್ಟಿನ ಹಳೆ ತಾಳಮದ್ದಳೆ ಕ್ಯಾಸೆಟ್. ಅರ್ಥಧಾರಿಯ ಗಂಟಲು ಇದರಲ್ಲಿ ಎಷ್ಟು ಚೆನ್ನಾಗಿ ಬರುತ್ತದೆ ಅಂದರೆ, ಮೊದಲ ವರ್ಷ ಬಂದವರಿಗೆಲ್ಲ ಕೂರಿಸಿ ಕೇಳಿಸಿದ್ದೆ.

ಮೊದಲು ತಕರಾರು ತೆಗೆದವರು ಅಪ್ಪಯ್ಯ. ಅವರಿಗೆ ಮೀಡಿಯಂ ವೇವಿನಲ್ಲಿ ಧಾರವಾಡ ಆಕಾಶವಾಣಿ ಬೇಕು, 765 ಕಿಲೋಹರ್ಟ್ಸ್. ನಾನು ಆಂಪ್ಲಿಫೈಯರ್ ಹಾಕಿದ ಕೂಡಲೇ ಅವರ ರೇಡಿಯೋದಲ್ಲಿ ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಗುಂಯ್ ಅನ್ನುವ ಸದ್ದು. ನಾನು ತಲೆ ಕೆಡಿಸಿಕೊಳ್ಳಲಿಲ್ಲ, ನನ್ನ ಸ್ಪೀಕರಿನಲ್ಲಿ ಏನೂ ಕೇಳುತ್ತಿರಲಿಲ್ಲವಲ್ಲ! ಈಗ ಅನಿಸುತ್ತದೆ, ರೋಗ ಮೊದಲು ಗೊತ್ತಾಗಿದ್ದು ಆ ರೇಡಿಯೋಕ್ಕೇ. ಕ್ಲಾಸ್ ಡಿ ಚಿಪ್ ಸೆಕೆಂಡಿಗೆ ಸುಮಾರು 4 ಲಕ್ಷ ಸಲ ಆನ್ ಆಫ್ ಆಗುತ್ತದೆ. ಆ 400 ಕಿಲೋಹರ್ಟ್ಸಿನ ಗಲಾಟೆ ಅದರ ಎರಡು ಪಟ್ಟಿನಲ್ಲೂ ಏಳುತ್ತದೆ, ಅಂದರೆ 800. ಧಾರವಾಡದ ಮಗ್ಗುಲಿಗೇ ಬಂತು, ಅಲ್ವಾ? ನಮ್ಮ ಕಿವಿ 20 ಕಿಲೋಹರ್ಟ್ಸ್ ದಾಟುವುದಿಲ್ಲ, ಹಾಗಾಗಿ ನಮಗೆ ಎಲ್ಲ ಸರಿ.

2023ರ ಏಪ್ರಿಲಿನಲ್ಲಿ ನನಗೂ ಕೇಳತೊಡಗಿತು. ಹಾಕಿ ಇಪ್ಪತ್ತು ನಿಮಿಷಕ್ಕೆ, ತೆಳ್ಳನೆ ಸ್ವರ ನುಡಿಸುವ ಟ್ವೀಟರಿನಲ್ಲಿ ಸಣ್ಣ ಸಿಳ್ಳೆ. ಅದು ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಡಬ್ಬಿ ಬಿಸಿ ಆದ ಹಾಗೆಲ್ಲ ನಿಧಾನ ಏರುತ್ತಿತ್ತು. ಭಾಗವತರು ಒಂದು ಶ್ರುತಿಯಲ್ಲಿ, ಸಿಳ್ಳೆ ಇನ್ನೊಂದರಲ್ಲಿ. ಚಂಡೆ ಪೆಟ್ಟು ಬಿದ್ದರೆ ಒಡಕು. ಆಗ ಡಬ್ಬಿಯ ಮೇಲೆ ಕೈ ಇಡಲಿಕ್ಕೆ ಆಗುತ್ತಿರಲಿಲ್ಲ. ಮಾರಿದವರಿಗೆ ಬರೆದರೆ "ವಾಲ್ವ್ ಇದ್ದ ಮೇಲೆ ಬಿಸಿ ಸಹಜ ಸರ್" ಎಂಬ ಒಂದೇ ಸಾಲಿನ ಉತ್ತರ. ವಾರಂಟಿ ಹೇಗೂ ಮುಗಿದಿತ್ತು.

ಮೇ ತಿಂಗಳಲ್ಲಿ ಶಿರಸಿಯಿಂದ ಭಾವ ಬಂದ. ಒಂದು ಚೀಲದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಇನ್ನೊಂದರಲ್ಲಿ ಸೋಲ್ಡರಿಂಗ್ ಐರನ್. ಡಬ್ಬಿ ಮುಟ್ಟಿ ನೋಡಿ, "ಇದೆಂತದು ಭಾವ, ದೋಸೆ ಕಾವಲಿಯಾ?" ಅಂದ. ಗಾಳಿ ತೂತಿನಿಂದ ಮಲ್ಟಿಮೀಟರಿನ ಉಷ್ಣ ಅಳೆಯುವ ತಂತಿ ಇಳಿಸಿದೆವು. ವೋಲ್ಟ್ ಇಳಿಸುವ ರೆಗ್ಯುಲೇಟರ್ 92 ಡಿಗ್ರಿ. ಅದಕ್ಕೆ ಅಂಟಿಕೊಂಡೇ ನಿಂತಿದ್ದ ಕೆಪಾಸಿಟರ್ (ವಿದ್ಯುತ್ ಹಿಡಿದಿಟ್ಟು ಏರಿಳಿತ ತಣಿಸುವ ಬಿಡಿಭಾಗ) 82. ಕೆಪಾಸಿಟರಿನ ಮೈಮೇಲೆ ಬರೆದಿದ್ದ ಮಿತಿ 85 ಡಿಗ್ರಿ. ಈ ಜಾತಿಯದು ಆ ಉಷ್ಣದಲ್ಲಿ ಸಾಮಾನ್ಯವಾಗಿ 2000 ತಾಸು ಬಾಳುತ್ತದೆ. ನಾನು ದಿನಕ್ಕೆ ಐದು ತಾಸಿನಂತೆ ಒಂದೂವರೆ ವರ್ಷ ಹಾಕಿದ್ದೆ, ಲೆಕ್ಕ ಹಾಕಿದರೆ 2700 ತಾಸು. ಪಾಪ, ಅದು ಹೇಳಿದ್ದಕ್ಕಿಂತ ಜಾಸ್ತಿಯೇ ದುಡಿದಿದೆ. ಒಳಗಿನ ದ್ರವ ಒಣಗಿದರೆ ಅದರ ರೋಧ ಏರುತ್ತದೆ. ಆಮೇಲೆ ರಿಪಲ್ (ವಿದ್ಯುತ್ತಿನ ಏರಿಳಿತ) ಅನ್ನು ತಡೆಯಲಾರದೆ ಆ ರಿಪಲಿನಿಂದಲೇ ಇನ್ನಷ್ಟು ಕಾಯುತ್ತದೆ, ಕಾದಷ್ಟೂ ಒಣಗುತ್ತದೆ.

ವಾಲ್ವಿನ ಮೇಲೆ ಗೂಬೆ ಕೂರಿಸಿದ್ದು ಅನ್ಯಾಯ. ಎರಡೂ ವಾಲ್ವಿನ ಹೀಟರ್ (ಒಳಗೆ ಕಾಯುವ ತಂತಿ) ಸೇರಿ ತಿನ್ನುವುದು 3.8 ವ್ಯಾಟ್, ಆ ಬಿಸಿ ಹೊರಗೆ ಗಾಳಿಗೆ ಹೋಗುತ್ತದೆ. ಆದರೆ 24 ವೋಲ್ಟನ್ನು ಹೀಟರಿಗೆ ಬೇಕಾದ 12.6ಕ್ಕೆ ಇಳಿಸಲು ಕೂತಿದ್ದ ರೆಗ್ಯುಲೇಟರ್ ಮುಚ್ಚಿದ ಡಬ್ಬಿಯೊಳಗೆ ಸುಮ್ನೆ ಮೂರೂವರೆ ವ್ಯಾಟ್ ಸುಡುತ್ತಿತ್ತು. ಭಾವ ಅದನ್ನು ಕಿತ್ತೇ ಹಾಕಿದ. ಎರಡು ಹೀಟರ್‌ಗಳನ್ನು ಒಂದರ ಹಿಂದೆ ಒಂದು ಸರಣಿಯಲ್ಲಿ ಜೋಡಿಸಿ, ನಡುವೆ ಸಣ್ಣದೊಂದು ಕಾಯಿಲ್ ಇಟ್ಟು, ನೇರ 24 ವೋಲ್ಟ್ ಕೊಟ್ಟ. ನಮ್ಮ ಅಡಾಪ್ಟರ್ 24.2 ತೋರಿಸುತ್ತಿತ್ತು, ಒಂದೊಂದಕ್ಕೆ 12.1 ಬಂತು. 12.6ಕ್ಕಿಂತ ಕಮ್ಮಿ, ಆದರೂ ವ್ಯತ್ಯಾಸ ಶೇಕಡಾ 5ರ ಒಳಗೇ ಇದೆ. ಎರಡೂ ವಾಲ್ವ್ ಒಂದೇ ಕಂಪನಿಯವು ಇರಬೇಕು, ಇಲ್ಲದಿದ್ದರೆ ವೋಲ್ಟ್ ಹಂಚಿಕೆ ಏರುಪೇರು ಆಗುತ್ತದೆ.

ಸಿಳ್ಳೆಯ ಕಥೆ ಇನ್ನೂ ಮಜಾ. ವಾಲ್ವಿನ ಪ್ಲೇಟಿಗೆ 48 ವೋಲ್ಟ್ ಮಾಡಿಕೊಡುವ ಬೂಸ್ಟ್ ಕನ್ವರ್ಟರ್ ಕೂಡ 400 ಕಿಲೋಹರ್ಟ್ಸಿನದೇ. ಕ್ಲಾಸ್ ಡಿ ಚಿಪ್ 400ರಲ್ಲಿ, ಇದು 396ರಲ್ಲಿ ಓಡಿದರೆ ನಡುವಿನ 4 ಕಿಲೋಹರ್ಟ್ಸ್ ಕಿವಿಗೆ ಬೀಳುತ್ತದೆ. ಕಾದ ಹಾಗೆ ಅಂತರ ಬದಲಾಗುತ್ತದೆ, ಸಿಳ್ಳೆಯೂ ಜಾರುತ್ತದೆ. ಆ ಒಣಗಿದ ಕೆಪಾಸಿಟರ್ ಗಟ್ಟಿ ಇದ್ದಷ್ಟು ದಿನ ಇವೆರಡನ್ನೂ ದೂರ ಇಟ್ಟಿತ್ತು. ಈ 48 ವೋಲ್ಟಿನ ದಾರಿಯಲ್ಲಿ 1 ಕಿಲೋ ಓಮಿನ ರೆಸಿಸ್ಟರ್, 47 ಮೈಕ್ರೋಫ್ಯಾರಡ್ ಕೆಪಾಸಿಟರ್, ಪಕ್ಕದಲ್ಲಿ 0.1ರ ಫಿಲ್ಮ್ ಕೆಪಾಸಿಟರ್ ಹಾಕಿದೆವು. ಹರಿಯುವುದು ಮೂರು ಮಿಲಿಆಂಪ್, ನಷ್ಟ 3 ವೋಲ್ಟ್, ಬಿಸಿ ಇಲ್ಲವೇ ಇಲ್ಲ ಅನ್ನಬಹುದು. ಸ್ಪೀಕರಿಗೆ ಹೋಗುವ ಔಟ್‌ಪುಟ್ ಕಡೆ ಮಾತ್ರ ಈ ಉಪಾಯ ನಡೆಯುವುದಿಲ್ಲ. 3 ಆಂಪ್ ಹರಿಯುವಲ್ಲಿ 1 ಓಮ್ ಇಟ್ಟರೂ 9 ವ್ಯಾಟ್ ಸುಟ್ಟೀತು.

ಅಲ್ಲಿ ಬೇಕಾಗಿದ್ದು ದೊಡ್ಡ ಇಂಡಕ್ಟರ್, ಅಂದರೆ ತಂತಿ ಸುತ್ತಿದ ಕಾಯಿಲ್. ಹಾಡು ಹಾಕದೆ ಇದ್ದಾಗಲೂ ಮೊದಲಿನ 10 ಮೈಕ್ರೋಹೆನ್ರಿಯ ಸಣ್ಣ ಇಂಡಕ್ಟರುಗಳು ಬೆರಳು ಸುಡುತ್ತಿದ್ದವು. ಸುಮ್ಮನೆ ಕೂತಲ್ಲೇ ಅವುಗಳಲ್ಲಿ ಒಂದೂವರೆ ಆಂಪಿನ ರಿಪಲ್ ಅತ್ತಿಂದಿತ್ತ ತುಯ್ದಾಡುತ್ತಿತ್ತು. ದಪ್ಪ ಕೋರಿನ 22 ಮೈಕ್ರೋಹೆನ್ರಿ ನಾಲ್ಕು ಹಾಕಿದೆವು. ರಿಪಲ್ ಅರ್ಧಕ್ಕೂ ಕೆಳಗೆ ಇಳಿಯಿತು, ಜತೆಗೇ ಬಿಸಿಯೂ. ಅಲ್ಲಿದ್ದ 0.68 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಗೇ ಇಟ್ಟೆವು. ನನ್ನ ಸ್ಪೀಕರ್ 8 ಓಮ್, ಅದಕ್ಕೆ ಈ ಜೋಡಿ ಸರಿಯಾಗಿ ಕೂರುತ್ತದೆ. ನಿಮ್ಮದು 4 ಓಮ್ ಆದರೆ ತಾಳದ ಸದ್ದು ಸ್ವಲ್ಪ ಮಂಕಾಗುತ್ತದೆ, ಹಾಗೆ ಮಾಡಬೇಡಿ. ಉಳಿದ ಕೆಪಾಸಿಟರುಗಳನ್ನೂ 105 ಡಿಗ್ರಿಯ, ಕಡಿಮೆ ರೋಧದವಕ್ಕೆ ಬದಲಿಸಿದೆವು. ಸಾಮಾನು ಹುಬ್ಬಳ್ಳಿಯಿಂದ ಬಂತು, ಒಟ್ಟು ಖರ್ಚು ಆರುನೂರು ಚಿಲ್ಲರೆ. ಆವತ್ತು ಸಂಜೆ ಅದೇ ಕೆಪಾಸಿಟರ್ ಜಾಗದಲ್ಲಿ 49 ಡಿಗ್ರಿ. ಹೊರಗೆ ಮೇ ತಿಂಗಳ ಕಾರವಾರ, ಕೋಣೆಯೇ 33.

ಆಮೇಲೆ ಎರಡು ಮಳೆಗಾಲ ಕಳೆದಿದೆ, ಸಿಳ್ಳೆ ತಿರುಗಿ ಬಂದಿಲ್ಲ. ಸಮುದ್ರದ ಗಾಳಿಗೆ ಹಿಂದಿನ ಸಾಕೆಟ್ಟುಗಳು ಹಸಿರು ಹಿಡಿಯುತ್ತವೆ, ವರ್ಷಕ್ಕೆ ಎರಡು ಸಲ ಒರೆಸುತ್ತೇನೆ. ವಾಲ್ಯೂಮ್ ಗುಂಡಿ ಆಷಾಢದಲ್ಲಿ ಕರಕರ ಅನ್ನುತ್ತದೆ. ವಾಲ್ವಿನ ಕೆಳಗಿರುವ ಕಿತ್ತಳೆ ದೀಪ ಸುಮ್ನೆ ತೋರಿಕೆಯ ಎಲ್‌ಇಡಿ, ಅದನ್ನು ಕತ್ತರಿಸಿ ಹಾಕಿದೆ.

ಬಂದಿದ್ದು ಬಂದ ಹಾಗೇ ಬಳಸುವವರಿಗೆ ನಾನು ಕೊಡುವುದು ಐದಕ್ಕೆ ಎರಡು. ಬಿಚ್ಚಲು ಬರುವ ಭಾವ ಇದ್ದರೆ ನಾಲ್ಕು. ಅಪ್ಪಯ್ಯನ ರೇಡಿಯೋದಲ್ಲಿ ಈಗ ಧಾರವಾಡ ಸ್ಪಷ್ಟ ಬರುತ್ತದೆ. ಆದರೆ ಅವರು ಅದನ್ನು ತಂದು ಆಂಪ್ಲಿಫೈಯರ್ ಮೇಲೆಯೇ ಇಡುತ್ತಾರೆ, ಇಟ್ಟು ನನ್ನನ್ನು ಬೈಯುತ್ತಾರೆ.